ಕಲಬುರಗಿಯ ಒಂದು ಬೀಗದ ವಾರ್ಡ್ ಬಗ್ಗೆ: ಒಳಗ ಛಲೋ ನೋಡ್ಕೊಂಡ್ರು, ಮನಿಗಿ ಕಳಿಸಿದ ಮ್ಯಾಲ ಕೈ ಬಿಟ್ರು

ಮೊದಲ ಹೇಳಿಬಿಡ್ತೀನಿ, ದವಾಖಾನಿ ಹೆಸರು ಹಾಕಂಗಿಲ್ಲ. ನಮ್ಮ ತಮ್ಮನ ಫೈಲ್ ಇನ್ನಾ ಅಲ್ಲೇ ಅದ, ಮತ್ತ ಕಲಬುರಗಿ ಎಷ್ಟೇ ಬೆಳೆದ್ರೂ ಇಂಥಾ ವಿಷಯದಾಗ ಸಣ್ಣ ಊರೇ, ಯಾರ ಮನಿ ಹುಡುಗ ಯಾವ ವಾರ್ಡಿನ್ಯಾಗ ಇದ್ದ ಅಂತ ನಾಕ್ ಮಂದಿಗೆ ಗೊತ್ತಾದ್ರ ಸಾಕು, ನಾಳಿ ಹೆಣ್ಣು ಕೊಡೋರು ಬಿ ಕೇಳ್ತಾರ. ರಿಂಗ್ ರೋಡ್ ದಾಟಿ ಇರೋ ಒಂದು ಪ್ರೈವೇಟ್ ಮಾನಸಿಕ ದವಾಖಾನಿ ಅಂತ ತಿಳ್ಕೊಳ್ರಿ. ಕೆಳಗ ಓಪಿಡಿ, ಮ್ಯಾಲಿನ ಫ್ಲೋರಿನ್ಯಾಗ ಬೀಗ ಹಾಕೋ ವಾರ್ಡ್, ಯಾರಿಂದ ಅವರ ಜೀವಕ್ಕೇ ಅಪಾಯ ಅದ ಅನ್ನಸ್ತದ ಅಂಥವರನ್ನ ಅಲ್ಲಿ ಇಡ್ತಾರ. ಮನಿಯಾಗ ಯಾರಿಗರ ಹಿಂಗಾಗಿ ನಡುರಾತ್ರಿ ಮೊಬೈಲ್ ಹಿಡ್ಕೊಂಡು ಎಲ್ಲಿ ಒಯ್ಯಬೇಕು ಏನ್ ಕೇಳಬೇಕು ಅಂತ ಹುಡುಕ್ತಾ ಕುಂತಿರ್ತಾರಲ್ಲ, ಅವರಿಗಿ ಬರೀತಿದೀನಿ. ನಾ ಡಾಕ್ಟರ್ ಅಲ್ಲ, ಡಿಗ್ರಿ ಕಾಲೇಜಿನ ಲೈಬ್ರರಿಯಾಗ ಕೆಲಸ, ಹಿಂಗಾಗಿ ಒಂದು ವಿಷಯ ತಲಿಯಾಗ ಹೊಕ್ಕರ ಅದರ ಬಗ್ಗೆ ಸಿಕ್ಕಿದ್ದೆಲ್ಲಾ ಓದೋ ರೂಢಿ ಅದ.

ತಮ್ಮ ಅಂದ್ರ ಚಿಗವ್ವನ ಮಗ, ಶಹಾಪುರ ಕಡಿ ಹಳ್ಳಿ, ತೊಗರಿ ಹೊಲ ಅದ. ಬೈಪೋಲಾರ್ ಅಂತ ಡಾಕ್ಟರ್ ಹೇಳ್ಯಾರ, ಅಂದ್ರ ಮನಸು ಒಮ್ಮೆ ಭಾಳ ಏರ್ತದ, ಒಮ್ಮೆ ಭಾಳ ಇಳಿತದ. ಏರಿದಾಗ ಮೂರು ರಾತ್ರಿ ನಿದ್ದಿ ಇಲ್ದೆ ಊರೆಲ್ಲಾ ತಿರಗತಾನ, ಸಾಲ ಮಾಡಿ ಟ್ರ್ಯಾಕ್ಟರ್ ಬುಕ್ ಮಾಡ್ತಾನ, ಇಳಿದಾಗ ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ರ ಉಣ್ಣಂಗಿಲ್ಲ ಮಾತಾಡಂಗಿಲ್ಲ. ಗಾಣಗಾಪುರಕ್ಕ ಬಿ ಹೋಗಿ ಬಂದ್ವಿ, ಬಂದೇ ನವಾಜ್ ದರ್ಗಾಕ್ಕ ಬಿ ಹೋಗಿ ಬಂದ್ವಿ, ಅದರ ಬಗ್ಗೆ ನಂದೇನು ತಕರಾರಿಲ್ಲ, ಚಿಗವ್ವನ ಮನಸಿಗಿ ಅಲ್ಲಿ ಸಮಾಧಾನ ಸಿಕ್ಕದ. ಖರೇ ಗುಳಿಗಿ ಬಿಡಬಾರದು ಅಷ್ಟೇ. ಈ ಸಲ ಅವ ಅವ್ವನ ಮುಂದ "ನಾ ಇದ್ದು ಏನ್ ಮಾಡ್ಲಿ, ನೀವೆಲ್ಲಾ ಆರಾಮ ಇರ್ರಿ" ಅಂದ. ಇಂಥಾ ಮಾತು ಬಂದ್ರ ಸುಮ್ನ ಅಂತಾನ ಅಂತ ಬಿಡಬ್ಯಾಡ್ರಿ, ನೇರ ಕೇಳ್ರಿ, "ಸಾಯಬೇಕು ಅನ್ನಸ್ತದೇನೋ ನಿನಗ" ಅಂತ. ಕೇಳಿದ್ರ ಇಲ್ಲದ ವಿಚಾರ ತಲಿಯಾಗ ಹಾಕಿದಂಗ ಆಗ್ತದ ಅಂತ ನಮ್ಮ ಕಡಿ ಭಾಳ ಮಂದಿ ಹೆದರ್ತಾರ, ಹಂಗೇನು ಆಗಂಗಿಲ್ಲ, ಉಲ್ಟಾ ಅವ ಅವತ್ತು ಅತ್ತ, ಅತ್ತು ಹೂಂ ಅಂದ, ಮುಂಜಾನಿ ಗಾಡಿ ಹತ್ತಿದ.

ಅಡ್ಮಿಷನ್ ಬಗ್ಗೆ ಹೇಳಬೇಕಂದ್ರ ಕಾಗದ ಪತ್ರ ಸರಿ ಮಾಡ್ಯಾರ, ಇದು ಮೊದಲ ಮೆಚ್ಚುಗಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂತ ಒಂದದ, 2018ರಾಗ ಜಾರಿಗಿ ಬಂತು. ಅದರ 89ನೇ ಸೆಕ್ಷನ್ ಪ್ರಕಾರ ಪೇಷಂಟ್ ಒಪ್ಪೋ ಸ್ಥಿತಿಯಾಗ ಇಲ್ಲಂದ್ರ ಮನಿಯವರು ಯಾರರ ಪ್ರತಿನಿಧಿ ಆಗಿ ಅರ್ಜಿ ಕೊಡಬೇಕು, ಇಬ್ಬರು ಬ್ಯಾರೆ ಬ್ಯಾರೆಯಾಗಿ ನೋಡಿ ಹೂಂ ಅನ್ನಬೇಕು, ಅದರಾಗ ಒಬ್ಬರು ಸೈಕಿಯಾಟ್ರಿಸ್ಟ್ ಇರಲೇಬೇಕು, ಮತ್ತ 30 ದಿನದ ಮ್ಯಾಲ ಇಡಬೇಕಂದ್ರ ಹೊಸದಾಗಿ ಪರೀಕ್ಷೆ ಮಾಡಬೇಕು. ಇಂಥಾ ಅಡ್ಮಿಷನ್ ಸರಿ ಅದನೋ ಇಲ್ಲೋ ನೋಡಾಕ ಕಾಯ್ದೆಯಾಗ ಇರೋ ರಿವ್ಯೂ ಬೋರ್ಡಿಗೆ 7 ದಿನದಾಗ ತಿಳಿಸಬೇಕು, ಹೆಣ್ಣುಮಕ್ಕಳು ಮತ್ತ ಸಣ್ಣ ಹುಡುಗರಾದ್ರ 3 ದಿನದಾಗ. ನಮಗ ಇದನ್ನ ಅಲ್ಲಿನ ಸೋಷಿಯಲ್ ವರ್ಕರ್ ಹೆಣ್ಣುಮಗಳು ಕುಂದ್ರಿಸಿ ಒಂದೊಂದೇ ಓದಿ ಹೇಳಿದಳು, ಚಿಗವ್ವಗ ತಿಳಿಯೋ ಹಂಗ, ನಮ್ಮ ಭಾಷಾದಾಗ. ಬರೇ ಇಲ್ಲಿ ಸೈನ್ ಮಾಡ್ರಿ ಅಲ್ಲಿ ಸೈನ್ ಮಾಡ್ರಿ ಅನ್ನಲಿಲ್ಲ. ಮತ್ತ ಒಂದು, ಪೊಲೀಸ್ ಕೇಸ್ ಆಗ್ತದೇನೋ ಅಂತ ಹೆದರಿ ಎಷ್ಟೋ ಮನಿಯವರು ದವಾಖಾನಿಗೇ ಬರಂಗಿಲ್ಲ. ಅದೇ ಕಾಯ್ದೆಯ 115ನೇ ಸೆಕ್ಷನ್ ಏನ್ ಹೇಳ್ತದ ಅಂದ್ರ, ಜೀವ ಕಳ್ಕೊಳ್ಳಾಕ ಪ್ರಯತ್ನ ಮಾಡಿದವ ಭಾರೀ ಒತ್ತಡದಾಗ ಇದ್ದ ಅಂತಲೇ ತಿಳ್ಕೊಬೇಕು, ಶಿಕ್ಷೆ ಕೊಡಂಗಿಲ್ಲ. ಆತ್ಮಹತ್ಯೆ ಪ್ರಯತ್ನಕ್ಕ ಶಿಕ್ಷೆ ಅಂತಿದ್ದ ಹಳೇ ಐಪಿಸಿ 309 ಬಿ 2024ರ ಜುಲೈ 1ಕ್ಕ ಹೋಯ್ತು. ಹೆದರಬ್ಯಾಡ್ರಿ, ಕರ್ಕೊಂಡು ಬರ್ರಿ.

ಈಗ ವಾರ್ಡ್. ದೊಡ್ಡ ಕಬ್ಬಿಣದ ಗೇಟ್, ಅದಕ್ಕ ಬೀಗ, ಒಳಗ ಮತ್ತೊಂದು ಬಾಗಿಲ. ಮೊದಲ ದಿನ ಚಿಗವ್ವ ಗೇಟ್ ಹೊರಗ ಕುಂತು "ಬೀಗ ಅದಲ್ಲ, ಇನ್ನ ಫಿಕರ್ ಇಲ್ಲ" ಅಂದಳು. ಭಾಳ ಮಂದಿ ಹಂಗೇ ತಿಳ್ಕೊಂಡಿರ್ತಾರ. ಆದ್ರ ಓದಿದ್ರ ಬ್ಯಾರೇನೇ ಅದ. ಜರ್ಮನಿಯಾಗ 21 ಮಾನಸಿಕ ದವಾಖಾನಿಗಳದ್ದು 15 ವರ್ಷದ ದಾಖಲೆ ತಗದು, ಹೆಚ್ಚು ಕಡಿಮಿ ಮೂರೂವರೆ ಲಕ್ಷ ಅಡ್ಮಿಷನ್ ನೋಡಿ 2016ರಾಗ ಒಂದು ಸ್ಟಡಿ ಬಂತು, ಬೀಗ ಹಾಕೋ ದವಾಖಾನಿಯಾಗ ಆತ್ಮಹತ್ಯೆ ಕಡಿಮಿ ಆಗಿರಲಿಲ್ಲ, ತಪ್ಪಿಸಿಕೊಂಡು ಹೋಗೋದೂ ಕಡಿಮಿ ಆಗಿರಲಿಲ್ಲ. ಇಂಗ್ಲೆಂಡಿನ್ಯಾಗ ಬ್ರಾಡ್‌ಮೂರ್ ಅಂಥಾ ಹೈ ಸೆಕ್ಯುರಿಟಿ ಮಾನಸಿಕ ದವಾಖಾನಿಗಳವ, ಕೋರ್ಟ್ ಕಳಿಸಿದವರು ವರ್ಷಗಟ್ಟಲೆ ಇರ್ತಾರ, ಎತ್ತರ ಗ್ವಾಡಿ, ದಿನಾ ತಪಾಸಣಿ, ಅಲ್ಲಿ ಸೈತ ಆತ್ಮಹತ್ಯೆ ಪ್ರಮಾಣ ಹೊರಗಿನ ಮಂದಿಗಿಂತ ಎಷ್ಟೋ ಪಟ್ಟು ಹೆಚ್ಚು. ಬೀಗ ಬ್ಯಾಡ ಅಂತ ನಾ ಅನ್ನಂಗಿಲ್ಲ, ಆ ಹೊತ್ತಿನ್ಯಾಗ ನಮ್ಮ ತಮ್ಮಗ ಬೇಕಿತ್ತು. ಆದ್ರ ಬೀಗ ನೋಡಿ ಇದು ಸೇಫ್ ದವಾಖಾನಿ ಅಂತ ಲೆಕ್ಕ ಹಾಕಬ್ಯಾಡ್ರಿ, ಒಳಗ ಯಾರು ಕುಂತಾರ ಅದನ್ನ ನೋಡ್ರಿ.

ಈ ದವಾಖಾನಿಗೆ ನಾ ಪೂರಾ ಮಾರ್ಕ್ಸ್ ಕೊಡೋದು ಅಲ್ಲೇ. ಹಗಲ ಡ್ಯೂಟಿಯ ಹಿರೇ ನರ್ಸ್ ಒಬ್ಬಾಕಿ ಇದ್ದಳು, ಬೀದರ ಕಡೇಕಿ, ದಿನಾ ಮುಂಜಾನಿ ತಮ್ಮನ ಬಾಜೂಕ ಕುಂತು ಮೊದಲ ಹೊಲದ ಸುದ್ದಿ ತಗೀತಿದ್ದಳು, ತೊಗರಿಗಿ ರೇಟ್ ಎಷ್ಟ್ ಆಗ್ಯಾದ, ಹೋದ ಸಲ ನೆಟಿ ರೋಗ ಬಂದಿತ್ತೇನು ಅಂತ, ಆಮ್ಯಾಲ ಹಗೂರಕ "ರಾತ್ರಿ ವಿಚಾರ ಬಂದ್ವೇನಪ್ಪಾ" ಅಂತ ಕೇಳೋಳು. ಮೊದಲ ವಾರ ಅವನ ಜೋಡಿ ಯಾವಾಗಲೂ ಒಬ್ಬರು ಇರ್ತಿದ್ರು, ಬಾತ್‌ರೂಮಿಗಿ ಹೋದ್ರೂ ಬಾಗಿಲ ಹೊರಗ. ಇಂಗ್ಲೆಂಡಿನ್ಯಾಗ ಮ್ಯಾಂಚೆಸ್ಟರ್ ಯೂನಿವರ್ಸಿಟಿಯವರು ಮಾನಸಿಕ ಪೇಷಂಟ್‌ಗಳ ಆತ್ಮಹತ್ಯೆ ಸಾವುಗಳನ್ನ ಒಂದೊಂದಾಗಿ ಬಿಡಿಸಿ ನೋಡ್ತಾರ, ಅವರು ಕಂಡದ್ದು ಏನಂದ್ರ ನಿಗಾ ಇಟ್ಟಾಗಲೇ ಆದ ಸಾವುಗಳಾಗ ಭಾಳ ಸಲ ನಿಗಾ ಇಟ್ಟವರು ಅನುಭವ ಇಲ್ಲದವರು ಇಲ್ಲಾ ಆ ವಾರ್ಡಿಗೆ ಹೊಸಬರು, ಪೇಷಂಟ್ ಯಾರು ಅಂತ ಸೈತ ಅವರಿಗಿ ಸರಿಯಾಗಿ ಗೊತ್ತಿರಂಗಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಬಂದು ಚಾರ್ಟಿನ್ಯಾಗ ಟಿಕ್ ಹಾಕಿ ಹೋಗೋದು ಕಾಯೋದಲ್ಲ. ಇಲ್ಲಿ ಹಗಲ ಹೊತ್ತಿನ್ಯಾಗ ಕಾಯ್ತಿದ್ರು, ಖರೇನ ಕಾಯ್ತಿದ್ರು. ರಾತ್ರಿ ಡ್ಯೂಟಿ ಮಾತ್ರ ಅಷ್ಟು ಭರವಸೆ ಬರಲಿಲ್ಲ, ವಾರವಾರ ಹೊಸ ಮಾರಿ, ಎಂಥಾ ಹುಡುಗರು ಅಂದ್ರ ನಿನ್ನಿ ಸೇರಿದವರು, ಅವರದೇನು ತಪ್ಪಿಲ್ಲ, ಕಲಿಸಿಲ್ಲ ಅವರಿಗಿ. ವಾರ್ಡಿನ ಒಳಗ ಏನೇನು ಸಾಮಾನು ತಗದಿಡ್ತಾರ, ಫಿಟಿಂಗ್ ಹ್ಯಾಂಗ ಮಾಡ್ಯಾರ ಅದೆಲ್ಲಾ ನಾ ಇಲ್ಲಿ ಬರಿಯಂಗಿಲ್ಲ, ಬರೆಯೋ ಜರೂರತ್ತೂ ಇಲ್ಲ, ಸರಿ ಮಾಡ್ಯಾರ ಅಂತ ಮಾತ್ರ ಹೇಳ್ತೀನಿ.

ಬಿಸಿಲಿನ ವಿಷಯ ಉದ್ದ ಬರೀತೀನಿ, ಯಾಕಂದ್ರ ನಮ್ಮ ಕಲಬುರಗಿ ಯಾದಗಿರಿ ಕಡಿ ಇದನ್ನ ಯಾರೂ ಹೇಳಂಗಿಲ್ಲ. ತಮ್ಮಗ ಕೊಡೋ ಮುಖ್ಯ ಗುಳಿಗಿ ಲಿಥಿಯಂ. ಬೈಪೋಲಾರ್ ಇದ್ದವರಾಗ ಆತ್ಮಹತ್ಯೆ ಕಡಿಮಿ ಮಾಡೋದ್ರಾಗ ಇದಕ್ಕ ಭಾಳ ಹಳೇ ಹೆಸರು ಅದ. ಆದ್ರ ಲಿಥಿಯಂ ಒಂದು ಥರಾ ಉಪ್ಪೇ, ಕಿಡ್ನಿಯಿಂದ ಹೊರಗ ಹೋಗಬೇಕು, ಮೈಯಾಗಿನ ನೀರು ಬೆವರಾಗಿ ಹೋದ್ರ ರಕ್ತದಾಗ ಅದರ ಪ್ರಮಾಣ ಏರ್ತದ. ಕೈ ನಡುಗೋದು, ವಾಂತಿ, ಭೇದಿ, ನಾಲಿಗಿ ತೊದಲೋದು, ನಡಿಯೋವಾಗ ತೂರಾಡೋದು ಬಂದ್ರ ಅದು ವಿಷ ಏರಿದ ಲಕ್ಷಣ, ಕುಡುದಾನ ಅಂತ ಬಿಟ್ಟು ಕುಂತ್ರ ಜೀವಕ್ಕ ಕುತ್ತು. ಮೇ ತಿಂಗಳು 43 ಡಿಗ್ರಿ, ಕರೆಂಟ್ ಹೋಗಿ ಬಂದು ಮಾಡ್ತಿತ್ತು, ಒಳಗಿನ ಪೇಷಂಟ್‌ಗಳು ತಮ್ಮಷ್ಟಕ್ಕ ಎದ್ದು ನೀರು ಕುಡಿಯೋ ಸ್ಥಿತಿಯಾಗ ಇರಂಗಿಲ್ಲ, ಬ್ಯಾರೆ ಕೆಲವು ಮಾನಸಿಕ ಗುಳಿಗಿ ಬಿ ಮೈ ತಂಪ ಮಾಡ್ಕೊಳ್ಳೋ ಶಕ್ತಿ ಕಡಿಮಿ ಮಾಡ್ತಾವ. ಈ ದವಾಖಾನಿಯಾಗ ನೀರಿನ ಚಾರ್ಟ್ ಇಟ್ಟಿದ್ರು ನೋಡ್ರಿ, ಪ್ರತಿಯೊಬ್ಬರಿಗೂ, ಮಜ್ಜಿಗಿ ಎರಡು ಹೊತ್ತು, ಲಿಥಿಯಂ ಲೆವೆಲ್ ಟೆಸ್ಟ್ ತಪ್ಪದೆ ಮಾಡಿದ್ರು, ಗಂಟಲು ನೋವಂತ ಮೈಕೈ ನೋವಂತ ಹೊರಗಿನಿಂದ ತಂದ ನೋವಿನ ಗುಳಿಗಿ ಕೊಡಬ್ಯಾಡ್ರಿ, ಕೆಲವು ಗುಳಿಗಿ ಲಿಥಿಯಂ ಏರಸ್ತಾವ ಅಂತ ನಮಗ ಹೇಳಿದ್ರು. ಇದೆಲ್ಲಾ ದೊಡ್ಡ ಮಾತು. ಗಂಭೀರ ಮಾನಸಿಕ ಕಾಯಿಲೆ ಇದ್ದವರು ಬಾಕಿ ಮಂದಿಗಿಂತ 10ರಿಂದ 20 ವರ್ಷ ಮೊದಲೇ ಸಾಯ್ತಾರ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ, ಅದರಾಗ ಆತ್ಮಹತ್ಯೆ ಒಂದು ಪಾಲು, ಆದ್ರ ಹೆಚ್ಚಿನ ಸಾವು ಹಾರ್ಟು, ಶುಗರ್, ಪುಪ್ಪುಸ ಇಂಥವು. ಹುಚ್ಚಿಗಿ ಬಂದಾನ ಅಂತ ಎದಿ ನೋವು ಅಂದ್ರೂ ಕೇಳಂಗಿಲ್ಲ ಎಷ್ಟೋ ಕಡಿ. ಇಲ್ಲಿ ಬಂದ ದಿನವೇ ಇಸಿಜಿ, ಬಿಪಿ, ಶುಗರ್ ಎಲ್ಲಾ ನೋಡಿದ್ರು. ಕಡಿಮಿ ಅನಿಸಿದ್ದು ಒಂದೇ, ದಿನಪೂರ್ತಿ ಹಾಸಿಗಿ ಮ್ಯಾಲೇ, ಅಡ್ಡಾಡಾಕ ಜಾಗ ಇಲ್ಲ, ಗಚ್ಚಿ ಮ್ಯಾಲ ಜಾಳಗಿ ಹಾಕಿದ ಜಾಗ ಅದ, ಅಲ್ಲಿ ಸಂಜಿಕ ಅರ್ಧ ತಾಸು ಬಿಟ್ರ ಏನ್ ಹೋಗ್ತದ.

ಒಂದು ದಿನ ನಾವು ಇದ್ದಾಗಲೇ ಬ್ಯಾರೆ ಪೇಷಂಟಿಗೆ ಕೈಕಾಲು ಕಟ್ಟಬೇಕಾಯ್ತು. ನೋಡಾಕ ಆಗಂಗಿಲ್ಲ ಅದು, ನಂಗ ಉಣ್ಣಾಕ ಆಗಲಿಲ್ಲ ಅವತ್ತು. ಆದ್ರ ಡಾಕ್ಟರ್ ತಾವೇ ಬಂದು ನೋಡಿದ್ರು, ರಿಜಿಸ್ಟರಿನ್ಯಾಗ ಟೈಮ್ ಬರೆದ್ರು, ಬಾಜೂಕ ನರ್ಸ್ ಕುಂತಿದ್ದಳು, ಶಾಂತ ಆದ ಕೂಡ್ಲೆ ಬಿಚ್ಚಿದ್ರು, ಅವರ ಮನಿಗಿ ಫೋನ್ ಮಾಡಿ ತಿಳಿಸಿದ್ರು. ಕಾಯ್ದೆಯ 97ನೇ ಸೆಕ್ಷನ್ ಇದನ್ನೇ ಕೇಳ್ತದ, ಈಗಿಂದೀಗಲೇ ಆಗೋ ಅಪಾಯ ತಪ್ಪಿಸಾಕ ಬ್ಯಾರೆ ದಾರಿ ಇಲ್ಲದಾಗ ಮಾತ್ರ, ಶಿಕ್ಷೆ ಅಂತಲ್ಲ, ಸ್ಟಾಫ್ ಇಲ್ಲಂತಲೂ ಅಲ್ಲ, ಮನಿಯವರಿಗಿ 24 ತಾಸಿನ ಒಳಗ ಹೇಳಬೇಕು. ಒಬ್ಬರನ್ನೇ ಖೋಲಿಯಾಗ ಕೂಡಿ ಹಾಕೋದಂತೂ ಪೂರಾ ಬಂದ್. ಭಾಳ ಹೊತ್ತು ಕಟ್ಟಿಟ್ರ ಕಾಲಿನ್ಯಾಗ ರಕ್ತ ಹೆಪ್ಪುಗಟ್ಟಿ ಪುಪ್ಪುಸಕ್ಕ ಹೋಗಿ ಜೀವ ಹೋಗೋದೂ ಅದ, ಅದಕ್ಕ ನೀವು ಯಾವ ದವಾಖಾನಿಗಿ ಹೋದ್ರೂ ಕೇಳ್ರಿ, ಕಟ್ಟೋ ರಿಜಿಸ್ಟರ್ ಅದೇನ್ರಿ ಅಂತ. ನಾಚಿಕಿ ಬ್ಯಾಡ.

ಇನ್ನೊಂದು ಕೇಳಬೇಕಾದ್ದು, ರಾತ್ರಿ ಕೀಲಿ ಯಾರ ಹತ್ರ ಇರ್ತದ. 2001ರ ಆಗಸ್ಟ್ 6ಕ್ಕ ತಮಿಳುನಾಡಿನ ಎರ್ವಾಡಿಯಾಗ ಬೆಂಕಿ ಹತ್ತಿದಾಗ ಸರಪಳಿ ಹಾಕಿದ್ದ 28 ಮಂದಿ ಮಾನಸಿಕ ರೋಗಿಗಳು ಸುಟ್ಟು ಸತ್ರು, ಓಡಾಕ ಆಗಲಿಲ್ಲ. ಅದು ದವಾಖಾನಿ ಅಲ್ಲ, ದರ್ಗಾದ ಹತ್ರ ಖಾಸಗಿ ಮಂದಿ ನಡೆಸೋ ಜಾಗ, ಆದ್ರ ಬೀಗ ಅಂತ ಬಂದಲ್ಲೆಲ್ಲಾ ಆ ಪ್ರಶ್ನೆ ಕೇಳಲೇಬೇಕು. ಇಲ್ಲಿ ಒಂದು ಕೀಲಿ ಮ್ಯಾಲ ನರ್ಸ್ ಹತ್ರ, ಇನ್ನೊಂದು ಕೆಳಗ ರಿಸೆಪ್ಷನ್ ಹತ್ರ ಅಂದ್ರು, ಸರಿ. ಆದ್ರ ಹಿಂದಿನ ಮೆಟ್ಟಿಲ ಬಾಗಿಲಿಗಿ ಹಳೇ ಮಂಚ, ಗಾದಿ ಒಟ್ಟಿದ್ರು. ಹೇಳಿದೆ, ತಗೀತೀವಿ ಅಂದ್ರು, ನಾವು ಬರೋತನಕ ತಗದಿರಲಿಲ್ಲ. ಇದಕ್ಕ ಒಂದು ಸ್ಟಾರ್ ಕಟ್.

ಊಟ ಪರವಾಗಿಲ್ಲ, ರೊಟ್ಟಿ ಬೆಚ್ಚಗ ಇರ್ತಿತ್ತು. ಭೇಟಿ ಟೈಮ್ ಭಾಳ ಕಡಿಮಿ, ಸಂಜಿಕ ಒಂದು ತಾಸು, ಹಳ್ಳಿಂದ ಬಸ್ ಹಿಡಿದು ಬರೋರಿಗಿ ತ್ರಾಸ. ಮನಿಯವರ ಜೋಡಿ ಮಾತಾಡೋದು ಪೇಷಂಟಿನ ಹಕ್ಕು, ದವಾಖಾನಿಯವರ ಉಪಕಾರ ಅಲ್ಲ.

ಮತ್ತ ಆ ಬಾಂಡ್ ಪೇಪರ್. ಡಿಸ್ಚಾರ್ಜಿನ ಮೊದಲು ತಮ್ಮನ ಕಡಿಂದ "ನಾನು ನನಗೆ ಯಾವುದೇ ಹಾನಿ ಮಾಡಿಕೊಳ್ಳುವುದಿಲ್ಲ" ಅಂತ ಬರೆಸಿ ಸೈನ್ ತಗೊಂಡ್ರು. ಇದು ನಂಗ ಭಾಳ ಸಿಟ್ಟು ತರಿಸಿತು. ಇಂಥಾ ಕರಾರಿನಿಂದ ಜೀವ ಉಳಿತದ ಅನ್ನಾಕ ಯಾವ ಪುರಾವೆನೂ ಇಲ್ಲ, ದವಾಖಾನಿಗಿ ಒಂದು ಕಾಗದ ಸಿಗ್ತದ ಅಷ್ಟೇ, ಪೇಷಂಟ್ ಮಾತ್ರ ಮುಂದ ವಿಚಾರ ಬಂದ್ರ ಮಾತು ಮುರದೆ ಅಂತ ನಾಚಿ ಯಾರ ಮುಂದೂ ಹೇಳಂಗಿಲ್ಲ. ಅದರ ಬದಲಿ ಅವನ ಜೋಡಿ ಕುಂತು ಬರೀಬೇಕಿತ್ತು, ವಿಚಾರ ಬರೋ ಮುಂದ ಏನೇನು ಲಕ್ಷಣ ಕಾಣಸ್ತಾವ, ಆಗ ಅವ ಏನ್ ಮಾಡ್ತಾನ, ಯಾರ ಹತ್ರ ಹೋಗ್ತಾನ, ಯಾರಿಗಿ ಫೋನ್ ಹಚ್ತಾನ, ಯಾವ ನಂಬರ್, ಮನಿಯಾಗ ಏನ್ ತಗದಿಡಬೇಕು. ಸೇಫ್ಟಿ ಪ್ಲ್ಯಾನ್ ಅಂತಾರ ಅದಕ್ಕ, ಒಂದೇ ಹಾಳಿ ಸಾಕು. ಆ ಸೋಷಿಯಲ್ ವರ್ಕರ್ ಹೆಣ್ಣುಮಗಳಿಗಿ ಗೊತ್ತಿತ್ತು, ಡಿಸ್ಚಾರ್ಜ್ ದಿನ ಆಕಿ ರಜಾದಾಗ ಇದ್ದಳು, ಮುಗೀತು.

ಈಗ ಅಸಲಿ ವಿಷಯಕ್ಕ ಬರ್ತೀನಿ. ಬಿಲ್ ಕಟ್ಟಿದ್ವಿ, ಒಂದು ತಿಂಗಳ ಗುಳಿಗಿ ಪೂರಾ ಚೀಲ ತುಂಬಿ ತಮ್ಮನ ಕೈಯಾಗೇ ಕೊಟ್ರು, "ಒಂದು ತಿಂಗಳ ಬಿಟ್ಟು ಬರ್ರಿ" ಅಂದ್ರು. ಅಷ್ಟೇ. ಮೊದಲ ವಾರ ಒಂದು ನಿಮಿಷ ಒಬ್ಬನೇ ಬಿಡದೆ ಕಾಯ್ದವರು ಗೇಟ್ ದಾಟಿದ ಕೂಡ್ಲೆ ಒಂದು ತಿಂಗಳ ತನಕ ನಮಗೂ ನಿಮಗೂ ಸಂಬಂಧಿಲ್ಲ ಅನ್ನೋ ಹಂಗ. ಎಲ್ಲಕ್ಕಿಂತ ಅಪಾಯದ ಹೊತ್ತು ಯಾವುದು ಅಂದ್ರ ಅದೇ, ಮನಿಗಿ ಬಂದ ಮೊದಲ ವಾರ, ಮೊದಲ ಮೂರು ತಿಂಗಳು. ಬ್ಯಾರೆ ಬ್ಯಾರೆ ದೇಶದ 100 ಸ್ಟಡಿ ಕೂಡಿಸಿ 2017ರಾಗ ಲೆಕ್ಕ ಹಾಕ್ಯಾರ, ಮಾನಸಿಕ ದವಾಖಾನಿಯಿಂದ ಬಿಟ್ಟ ಮೊದಲ ಮೂರು ತಿಂಗಳಾಗ ಆತ್ಮಹತ್ಯೆ ಪ್ರಮಾಣ ವರ್ಷದ ಲೆಕ್ಕಕ್ಕ 1 ಲಕ್ಷ ಮಂದಿಗಿ 1132. ಬಿಟ್ಟ ಮ್ಯಾಲಿನ ಎಲ್ಲಾ ವರ್ಷಗಳನ್ನ ಕೂಡಿಸಿ ನೋಡಿದ್ರ 484. ನಮ್ಮ ದೇಶದ ಒಟ್ಟು ಪ್ರಮಾಣ 2022ರಾಗ 1 ಲಕ್ಷಕ್ಕ 12 ಚಿಲ್ಲರ್ ಇತ್ತು, ಅದರ ಬಾಜೂಕ ಇಟ್ಟು ನೋಡ್ರಿ. ಇಂಗ್ಲೆಂಡಿನ್ಯಾಗ ಬಿಟ್ಟ ಎರಡನೇ ಮೂರನೇ ದಿನವೇ ಹೆಚ್ಚು ಸಾವು ಅಂತ ಕಂಡ ಮ್ಯಾಲ, 72 ತಾಸಿನ ಒಳಗ ಪೇಷಂಟ್‌ನ ಮತ್ತ ಕಾಣಬೇಕು ಅಂತ ಅಲ್ಲಿ ನಿಯಮ ಮಾಡ್ಯಾರ.

ಯಾಕ ಹಿಂಗ ಆಗ್ತದ ಅಂದ್ರ, ಒಳಗ ಹೊತ್ತಿಗಿ ಸರಿಯಾಗಿ ಊಟ, ಗುಳಿಗಿ, ಬಾಜೂಕ ಮನುಷ್ಯಾರು. ಹೊರಗ ಬಂದ್ರ ಅದೇ ಸಾಲ, ಅದೇ ಬ್ಯಾಂಕ್ ನೋಟಿಸ್, ಕಟ್ಟಿಗಿ ಕುಂತ ಮಂದಿ "ಏನೋ ಹುಚ್ಚರ ದವಾಖಾನಿಯಾಗ ಇದ್ಯಂತ" ಅಂತ ಕೇಳೋದು, ಕಟ್ಟಿಕೊಂಡ ಹೆಣ್ತಿ ತವರಿಗಿ ಹೋಗಿರ್ತಾಳ. ಮನಸು ಪೂರಾ ಮುಳುಗಿದ್ದಾಗ ಏನರ ಮಾಡ್ಕೊಳ್ಳಾಕ ಸೈತ ಶಕ್ತಿ ಇರಂಗಿಲ್ಲ, ಗುಳಿಗಿಯಿಂದ ಮೈಯಾಗ ಕಸು ಮೊದಲ ಬರಬಹುದು, ಮನಸಿನ ಕತ್ತಲ ಹೋಗಾಕ ಇನ್ನಾ ದಿನ ಹಿಡಿತದ, ಆ ನಡುವಿನ ದಿನಗಳಾಗ ನೋಡೋರಿಗಿ "ಆರಾಮಾಗ್ಯಾನ" ಅನ್ನಸ್ತದ. ಇದನ್ನ ಡಿಸ್ಚಾರ್ಜ್ ಮಾಡೋವಾಗ ಚಿಗವ್ವಗ ಹೇಳಬೇಕಿತ್ತು, ಯಾರೂ ಹೇಳಲಿಲ್ಲ.

ಮನಿಗಿ ಬಂದ ವಾರ ತುಂಬೋದ್ರೊಳಗ ಒಂದು ರಾತ್ರಿ ಅವನ ಮಾತು ಮತ್ತ ಅದೇ ದಾರಿಗಿ ಹೊಂಟಿತು. ದವಾಖಾನಿಗಿ ಫೋನ್ ಹಚ್ಚಿದ್ವಿ, ಹಚ್ಚಿ ಹಚ್ಚಿ ಸಾಕಾಯ್ತು, ಕಡೀಕ ಯಾರೋ ಎತ್ತಿ "ಸೋಮವಾರ ಓಪಿಡಿಗಿ ಬರ್ರಿ" ಅಂತ ಇಟ್ಟುಬಿಟ್ರು. ಫೈಲ್ ನಂಬರ್ ಸೈತ ಕೇಳಲಿಲ್ಲ. ಆಗ 14416ಕ್ಕ ಹಚ್ಚಿದ್ವಿ, ಟೆಲಿ ಮಾನಸ್ ಅಂತ ಸರ್ಕಾರದ್ದು, 2022ರ ಅಕ್ಟೋಬರ್ 10ಕ್ಕ ಶುರು ಆಗಿದ್ದು, ಹಗಲು ರಾತ್ರಿ ಇರ್ತದ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ. ಎತ್ತಿದ ಹೆಣ್ಣುಮಗಳು ಬೆಂಗಳೂರು ಕಡಿ ಕನ್ನಡ, ಆದ್ರ ಅವಸರ ಮಾಡಲಿಲ್ಲ, ತಮ್ಮನ ಜೋಡಿ ಮಾತಾಡಿದಳು, ಚಿಗವ್ವನ ಜೋಡಿ ಮಾತಾಡಿದಳು, ಇವತ್ತು ರಾತ್ರಿ ಒಬ್ಬನೇ ಬಿಡಬ್ಯಾಡ್ರಿ, ಗುಳಿಗಿ ಚೀಲ ನಿಮ್ಮ ಹತ್ರ ಇಟ್ಕೊಳ್ರಿ, ಹೊಲಕ್ಕ ಹೊಡಿಯೋ ಔಷಧ ಮನಿಯಿಂದ ಹೊರಗ ಹಾಕ್ರಿ, ಮುಂಜಾನೆದ್ದು ಸರ್ಕಾರಿ ದವಾಖಾನಿಗಿ ಒಯ್ಯರಿ ಅಂತ ಒಂದೊಂದೇ ಹೇಳಿದಳು. ಒಯ್ದ್ವಿ, ಅಲ್ಲಿ ಮತ್ತ ಅಡ್ಮಿಟ್ ಆದ, ಈಗ ಅದಾನ, ಹೊಲಕ್ಕ ಹೋಗ್ತಾನ. ಆ ಸಹಾಯವಾಣಿಗಿ ನಂದು ಐದಕ್ಕ ಐದು ಸ್ಟಾರ್. ಈ ರಿವ್ಯೂ ಓದ್ತಿರೋರಿಗಿ ನಿಮಗೇ ಅಂಥಾ ವಿಚಾರ ಬರ್ತಿದ್ರೂ ಅದೇ ನಂಬರ್, ಈಗಲೇ ಹಚ್ಚರಿ, ಬಾಜೂಕ ಯಾರರ ಇದ್ರ ಕರೀರಿ.

ಫೋನ್ ಮಾಡೋದ್ರಿಂದ ಏನಾಗ್ತದ ಅನ್ನೋರಿಗಿ ಇನ್ನೊಂದು ಹೇಳ್ತೀನಿ. ವಿಶ್ವ ಆರೋಗ್ಯ ಸಂಸ್ಥೆಯವರು ಐದು ದೇಶದಾಗ ಒಂದು ಪ್ರಯೋಗ ಮಾಡಿದ್ರು, ಅದರಾಗ ನಮ್ಮ ಚೆನ್ನೈ ಬಿ ಇತ್ತು, 2008ರಾಗ ಬಂತು. ಆತ್ಮಹತ್ಯೆಗೆ ಪ್ರಯತ್ನ ಮಾಡಿ ಎಮರ್ಜೆನ್ಸಿಗಿ ಬಂದ 1867 ಮಂದಿನ ಎರಡು ಪಾಲು ಮಾಡಿ, ಒಂದು ಪಾಲಿಗಿ ಮಾಮೂಲಿ ಚಿಕಿತ್ಸೆ, ಇನ್ನೊಂದು ಪಾಲಿಗಿ ಅದರ ಜೋಡಿ ಒಂದು ತಾಸು ಕುಂತು ಮಾತಾಡೋದು, ಆಮ್ಯಾಲ ಆಗಾಗ ಫೋನ್ ಇಲ್ಲಾ ಮನಿ ಭೇಟಿ, ಹ್ಯಾಂಗ ಅದೀರಿ ಅಂತ ಕೇಳೋದು. 18 ತಿಂಗಳ ಮ್ಯಾಲ ನೋಡಿದ್ರ ಮಾಮೂಲಿ ಪಾಲಿನ್ಯಾಗ 2.2 ಪರ್ಸೆಂಟ್ ಮಂದಿ ಆತ್ಮಹತ್ಯೆಯಿಂದ ಹೋಗಿದ್ರು, ಫೋನ್ ಮಾಡಿದ ಪಾಲಿನ್ಯಾಗ 0.2. ಇದಕ್ಕ ಎಮ್‌ಆರ್‌ಐ ಮಷಿನ್ ಬೇಕಿಲ್ಲ, ದುಬಾರಿ ಇಂಜೆಕ್ಷನ್ ಬೇಕಿಲ್ಲ. ಹಗಲ ಡ್ಯೂಟಿಯ ಆ ಬೀದರ ನರ್ಸ್‌ಗ ದಿನಾ ಅರ್ಧ ತಾಸು ಬಿಡುವು ಕೊಟ್ಟು, ಈ ವಾರ ಮನಿಗಿ ಹೋದವರ ಪಟ್ಟಿ ಕೊಟ್ಟು ಫೋನ್ ಹಚ್ಚು ಅಂದ್ರ ಮುಗೀತು, ತೊಗರಿ ರೇಟ್ ಕೇಳಿ ಶುರು ಮಾಡ್ತಾಳ ಆಕಿ. ನಮ್ಮ ತಮ್ಮ ಇನ್ನಾ ಆಕಿ ನೆನಪ ತಗೀತಾನ.

ಇದನ್ನೆಲ್ಲಾ ಬರೆದು ದವಾಖಾನಿ ಮ್ಯಾನೇಜರಿಗಿ ಕೊಟ್ಟೀನಿ. ಕೇಳ್ಕೊಂಡ್ರು, ನೋಡ್ತೀವಿ ಅಂದ್ರು. ಕಾಯ್ದೆಯಾಗ ಡಿಸ್ಚಾರ್ಜ್ ಪ್ಲ್ಯಾನಿಂಗ್ ಅಂತ 98ನೇ ಸೆಕ್ಷನ್ ಅದ, ಬಿಡೋ ಮೊದಲು ಪೇಷಂಟ್, ಮನಿಯವರು, ಮುಂದ ನೋಡೋ ಡಾಕ್ಟರ್ ಎಲ್ಲಾರೂ ಕೂಡಿ ಮುಂದಿನ ಚಿಕಿತ್ಸೆ ಹ್ಯಾಂಗ ಅಂತ ಮಾತಾಡಬೇಕು, ಅದನ್ನೇ ಕೇಳಿದೀನಿ, ಹೆಚ್ಚಿಂದೇನು ಕೇಳಿಲ್ಲ. ನೀವು ಯಾವ ದವಾಖಾನಿಗಿ ಹೋದ್ರೂ ಬಿಲ್ ಕಟ್ಟೋ ಮೊದಲು ಮೊದಲ ವಾರದ ಒಳಗ ಒಂದು ಅಪಾಯಿಂಟ್‌ಮೆಂಟ್ ಬರೆಸಿಕೊಳ್ರಿ, ರಾತ್ರಿ ಎತ್ತೋ ನಂಬರ್ ಯಾವುದು ಅಂತ ಕೇಳಿ ಅವರ ಮುಂದೇ ಒಮ್ಮೆ ಹಚ್ಚಿ ನೋಡ್ರಿ, ಗುಳಿಗಿ ವಾರಕ್ಕಾಗೋವಷ್ಟೇ ಕೊಡ್ರಿ ಅನ್ರಿ, ಕೊಟ್ಟಿದ್ದು ಮನಿಯವರ ಕೈಯಾಗ ಇರಲಿ. ಫೈಲಿನ ಕಾಪಿ ಕೇಳೋ ಹಕ್ಕು ಅದ, ಕೇಳ್ರಿ. ಇನ್ಶೂರೆನ್ಸ್ ಇದ್ರ ಮಾನಸಿಕ ಕಾಯಿಲೆ ಅಂತ ಬಿಡಂಗಿಲ್ಲ ಅವರು, ಬಾಕಿ ಕಾಯಿಲೆ ಹ್ಯಾಂಗೋ ಇದೂ ಹಂಗೇ ಅಂತ ಅದೇ ಕಾಯ್ದೆ ಹೇಳ್ತದ, ನಮ್ಮದು ಮೊದಲು ಆಗಂಗಿಲ್ಲ ಅಂದ್ರು, ಲಿಖಿತದಾಗ ಕೊಡ್ರಿ ಅಂದ ಮ್ಯಾಲ ಆಯ್ತು.

ಹಗಲ ನರ್ಸಿಂಗಿಗಿ ಐದು, ಬಿಸಿಲಿನ ಕಾಳಜಿಗಿ ಐದು, ರಾತ್ರಿ ಡ್ಯೂಟಿಗಿ ಎರಡೂವರೆ, ಡಿಸ್ಚಾರ್ಜಿಗಿ ಒಂದು. ಒಟ್ಟು ಮೂರು ಸ್ಟಾರ್ ಹಾಕೀನಿ. ಹಿಂದಿನ ಬಾಗಿಲ ಖಾಲಿ ಆಗಿ, ಮನಿಗಿ ಹೋದವರಿಗಿ ಫೋನ್ ಹೋಗಾಕ ಶುರು ಆದದ್ದು ಗೊತ್ತಾದ್ರ ಬಂದು ಬದಲಿ ಮಾಡ್ತೀನಿ.